ಬಲೆ ಹೆಪ್ಪು

ಜನವರಿ 11

ಮಗಳು ಬೆಣ್ಣೆಗೆ,

ಆಶೀರ್ವಾದವನ್ನು ಪತ್ರದ ಕೊನೆಯಲ್ಲಿ ಬರೆಯುತ್ತೇನೆ, ಅಲ್ಲಿಗೆ ಬರುವಷ್ಟರಲ್ಲಿ ಏನಾದರೂ ಉಳಿದಿದ್ದರೆ.

ಫೋನಿನಲ್ಲೇ ಕೇಳಬಹುದಿತ್ತಲ್ಲ ಅನ್ನುತ್ತೀ. ಹೇಗೆ ಕೇಳಲಿ? ನಡುಮನೆಯಲ್ಲಿ ನಮ್ಮ ಅಕ್ಕನ, ಅಂದರೆ ನಿನ್ನ ಅತ್ತೆಯ ಮಂಚ, ಮಂಚದ ಮೇಲೆ ನಿನ್ನ ಅತ್ತೆ, ಅವಳಿಗೆ ಎರಡು ಕಿವಿ, ಎರಡೂ ಇನ್ನೂ ಹೊಸದರ ಹಾಗೆ ಕೆಲಸ ಮಾಡುತ್ತವೆ. ಫೋನು ಹಿಡಿದು ಬಾಲ್ಕನಿಗೆ ಹೋದರೆ "ಯಾರೋ ಅದು, ನನಗೆ ಕೇಳಿಸಬಾರದ ಮಾತು?" ಅನ್ನುತ್ತಾಳೆ. ಅದಕ್ಕೇ ಪೆನ್ನು ಹಿಡಿದಿದ್ದೇನೆ. ಅಕ್ಷರ ಸೊಟ್ಟಗಾಗುತ್ತಿದೆ. ವಯಸ್ಸಿಗಲ್ಲ, ಸಿಟ್ಟಿಗೆ.

ನಿನ್ನೆ ಸಂಜೆ ಕೆಳಮನೆಯ ಕಂಪೌಂಡರ್ ಬಂದಿದ್ದ. ದನದ ಆಸ್ಪತ್ರೆಯವನು, ಗೊತ್ತಲ್ಲ, ಮಾತಿಗೆ ಮುಂಚೆ ನಗುವವನು. ಯಥಾಪ್ರಕಾರ ನೀನು ನಿನ್ನ ಕಾರ್ಖಾನೆಯಿಂದ ಕಳಿಸಿದ ಚೀಸಿನ ಗಡ್ಡೆಯಲ್ಲಿ ಎರಡು ತುಂಡು ಕುಯ್ದು ಅವನ ಮುಂದಿಟ್ಟೆ. ಯಥಾಪ್ರಕಾರ "ನನ್ನ ಮಗಳು ಕೈಯಾರೆ ಮಾಡಿದ್ದು, ಅಪ್ಪಟ ಹಾಲು" ಅಂದೆ. ಅವನು ಮೇಲಿನ ಕಾಗದ ತಿರುಗಿಸಿ ಓದಿದ.

"ಸ್ಟೋರ್ ಸಾಹೇಬ್ರೇ, ಇದರಲ್ಲಿ ರೆನೆಟ್ ಇದೆಯಲ್ಲ. ನೀವು ತಿಂತೀರಾ?"

ನಾನು ನಕ್ಕೆ. ಇಡೀ ನೌಕರಿಯನ್ನು ಬಸ್ ಡಿಪೋದ ಸ್ಟೋರಿನಲ್ಲಿ ಇಂಗ್ಲಿಷ್ ಹೆಸರುಗಳ ನಡುವೆ ಕಳೆದವನು ನಾನು. ಕ್ಲಚ್ ಪ್ಲೇಟು, ಗ್ಯಾಸ್ಕೆಟ್ಟು, ರಿಲೈನಿಂಗು, ರಿಬೋರಿಂಗು. ಅವನಿಗೆ ಬಿಡಿಸಿ ಹೇಳಿದೆ. ನೋಡಪ್ಪಾ, 'ರೆ' ಅಂದರೆ ಪ್ರಿಫಿಕ್ಸು, ಮತ್ತೊಮ್ಮೆ ಎಂದರ್ಥ. 'ನೆಟ್' ಅಂದರೆ ಬಲೆ. ಹಾಲು ನೀರಾಗಿ ಜಾರಿಕೊಂಡು ಹೋಗುತ್ತಿರುತ್ತದೆ, ಅದಕ್ಕೆ ಮತ್ತೊಮ್ಮೆ ಬಲೆ ಬೀಸಿ ಹಿಡಿಯುವುದು ರೆನೆಟ್. ನಮ್ಮ ಮೊಸರಿನ ಹೆಪ್ಪು ಇದ್ದ ಹಾಗೆ, ಇದು ಬಲೆ ಹೆಪ್ಪು. ನಿನ್ನ ಅತ್ತೆಗೂ ಹೀಗೇ ಹೇಳಿದ್ದೇನೆ, ಅವಳೂ ಹಾಗೇ ಅನ್ನುತ್ತಾಳೆ. ಬೀದಿಯ ಅರ್ಧ ಜನಕ್ಕೆ ಹೇಳಿದ್ದೇನೆ.

ಕಂಪೌಂಡರ್ ನಕ್ಕ ನಗೆಗೆ ಚೀಸು ಅವನ ನೆತ್ತಿಗೆ ಹತ್ತಿತು. ಕೆಮ್ಮಿ, ಕಣ್ಣೊರೆಸಿಕೊಂಡು, "ಬಲೆ ಅಲ್ಲ ಸಾಹೇಬ್ರೇ, ಹೊಟ್ಟೆ. ಎಳೇ ಕರುವಿನ ನಾಲ್ಕನೇ ಹೊಟ್ಟೆ. ಇನ್ನೂ ಹುಲ್ಲಿಗೆ ಬಾಯಿ ಹಾಕಿರಬಾರದು, ಹಾಲು ಕುಡೀತಿರಬೇಕು. ಕುಯ್ದು, ಹೊಟ್ಟೆ ತೆಗೆದು, ಅದರ ರಸ ಇಳಿಸ್ತಾರೆ. ಅದೇ ನಿಮ್ಮ ಹೆಪ್ಪು" ಅಂದ. ಹೇಳಿ ಎರಡನೇ ತುಂಡನ್ನೂ ಬಾಯಿಗೆ ಹಾಕಿಕೊಂಡ. "ನನಗೇನು, ನಾನು ಎಲ್ಲಾ ತಿಂತೀನಿ."

ಅತ್ತೆ ಅಡುಗೆಮನೆಯಲ್ಲಿದ್ದಳು, ಮಿಕ್ಸಿ ತಿರುಗುತ್ತಿತ್ತು, ಬಚಾವಾದೆ.

ಬೆಣ್ಣೆ, ನಿನಗೆ ಗೊತ್ತಿದೆಯಲ್ಲ ನಿನ್ನ ಅತ್ತೆ ಎಂಥವಳು ಅಂತ. ಮೊಟ್ಟೆ ಬೇಯಿಸಿದ ಪಾತ್ರೆ ಇರುವ ಮನೆಯಲ್ಲಿ ನೀರೂ ಕುಡಿಯದವಳು. ಇಂಗ್ಲಿಷ್ ಬಾರದು, ಹಾಗಾಗಿ ಮನೆಗೆ ಬಂದ ಪ್ರತಿ ಪೊಟ್ಟಣವನ್ನೂ ನನ್ನ ಮುಂದೆ ಹಿಡಿದು "ಓದೋ, ನೀನು ಓದಿದವನು" ಅನ್ನುತ್ತಾಳೆ. ನಾನು 'ತಿನ್ನಬಹುದು' ಅಂದರೆ ತಿನ್ನುತ್ತಾಳೆ. ಆ ಕೆಟ್ಟ ಜ್ವರ ಬಂದು ಹೋದ ಮೇಲೆ ಅನ್ನ ಕಂಡರೆ ಮುಖ ತಿರುಗಿಸುತ್ತಿದ್ದಳು. ಡಾಕ್ಟರಮ್ಮ ಮೊಟ್ಟೆ ಕೊಡಿ ಅಂದದ್ದಕ್ಕೆ ಮೊಟ್ಟೆಯನ್ನಲ್ಲ, ಡಾಕ್ಟರಮ್ಮನನ್ನೇ ಬಿಟ್ಟಳು. ಕಡೆಗೆ ಅವಳ ಗಂಟಲಿಗೆ ಇಳಿದದ್ದು ನಿನ್ನ ಚೀಸ್ ಒಂದೇ. ಅದನ್ನು ತಿಂದೇ ಎದ್ದು ಕೂತಳು. ಈಗ ಗೋಡೆ ಹಿಡಿದುಕೊಂಡು ಅಡುಗೆಮನೆಯವರೆಗೆ ಬಂದು ನನ್ನ ತಪ್ಪು ಹುಡುಕುತ್ತಾಳೆ. ಅಷ್ಟೇ ಅಲ್ಲ. ಹಾಲಿನ ಪದಾರ್ಥ, ಶುದ್ಧ ಅಂತ, ಪ್ರತಿ ಗಡ್ಡೆಯ ಮೊದಲ ತುಂಡನ್ನು ದೇವರ ಪಟದ ಮುಂದೆ ಇಡುತ್ತಾಳೆ. ಅಂದರೆ ನಾವು ದೇವರನ್ನೂ ಬಿಟ್ಟಿಲ್ಲ.

ಕಂಪೌಂಡರ್ ಹೇಳಿದ್ದು ನಿಜವೋ ಸುಳ್ಳೋ? ಸುತ್ತಿ ಬಳಸಿ ಬೇಡ. ಯೆಸ್ ಆರ್ ನೋ. ಒಂದೇ ಪದ. ಅರ್ಧ ಗಡ್ಡೆ ಫ್ರಿಜ್ಜಿನಲ್ಲಿ ಕೂತು ನನ್ನನ್ನು ನೋಡುತ್ತಿದೆ.

ಆಶೀರ್ವಾದ ಉತ್ತರ ಬಂದ ಮೇಲೆ.

ನಿನ್ನ ಅಪ್ಪ


ಜನವರಿ 22

ಅಪ್ಪ,

ಯೆಸ್.

ನೀವು ಕೇಳಿದ್ದು ಒಂದು ಪದ, ಕೊಟ್ಟಾಯಿತು. ಇನ್ನು ಮುಂದಿನದು ನೀವು ಕೇಳದೆ ಇದ್ದದ್ದು.

ಆ ಪದ ಪ್ರತಿ ಕಾಗದದ ಮೇಲೂ ಅಚ್ಚಾಗಿದೆ. ಇಷ್ಟು ವರ್ಷ ನಿಮ್ಮ ಕೈಯಿಂದ ಹಾದುಹೋಗಿದೆ. ಬಾರದ ಪದ ಕಂಡರೆ ಜನ ಇನ್ನೊಬ್ಬರನ್ನು ಕೇಳುತ್ತಾರೆ. ನೀವು ಅರ್ಥ ಹುಟ್ಟಿಸುತ್ತೀರಿ. ನಾನೇನೋ ನಿಮಗೆ ಗೊತ್ತಿದೆ, ಬೇಕೆಂದೇ ಕಣ್ಣು ಮುಚ್ಚಿಕೊಂಡಿದ್ದೀರಿ ಅಂದುಕೊಂಡಿದ್ದೆ. ಬೆಕ್ಕು ಹಾಲು ಕುಡಿಯುವಾಗ ಮುಚ್ಚಿಕೊಳ್ಳುತ್ತದಲ್ಲ, ಹಾಗೆ.

ಇಲ್ಲಿ ಸೇರಿದ ಮೊದಲ ವಾರ ನಿಮಗೆ ಫೋನು ಮಾಡಿದ್ದೆ, ನೆನಪಿದೆಯಾ? ಅವತ್ತು ಬೆಳಿಗ್ಗೆ ಬಿಳೀ ಬೂಟು ಹಾಕಿಸಿ, ತಲೆಗೆ ಜಾಲರಿ ಟೋಪಿ ಕಟ್ಟಿಸಿ ನನ್ನನ್ನು ತೊಟ್ಟಿಯ ಪಕ್ಕ ನಿಲ್ಲಿಸಿದ್ದರು. ಸ್ನಾನದ ಕೋಣೆಯಷ್ಟು ದೊಡ್ಡ ಸ್ಟೀಲಿನ ತೊಟ್ಟಿ, ಕಂಠದವರೆಗೆ ಹಾಲು. ಮೇಲ್ವಿಚಾರಕಿ ಒಂದು ಸಣ್ಣ ಕ್ಯಾನಿನಿಂದ ಕಂದು ನೀರು ಸುರಿದಳು. ಸ್ವಲ್ಪ ಹೊತ್ತಿಗೆ ಅಷ್ಟೂ ಹಾಲು ಕದಲದೆ ನಿಂತಿತು. ಬೆರಳು ತೂರಿಸಿ ಮೇಲೆತ್ತಿದರೆ ಬಾಳೆ ಎಲೆ ಸೀಳಿದ ಹಾಗೆ ನೇರವಾಗಿ ಸೀಳಬೇಕು, ಆಗ ಹದ ಬಂತು ಅಂತ ಲೆಕ್ಕ. ನನ್ನ ಕೈಯಲ್ಲೇ ಸೀಳಿಸಿದಳು. ಆಮೇಲೆ ಆ ಕಂದು ನೀರು ಏನು ಅಂತ ಹೇಳಿದಳು. ಅವತ್ತು ಮಧ್ಯಾಹ್ನ ನಾನು ಊಟದ ಡಬ್ಬಿ ತೆಗೆಯಲಿಲ್ಲ. ಅದನ್ನು ಹೇಳೋಣವೆಂದೇ ಫೋನು ಮಾಡಿದ್ದು. ನೀವು ನನಗೆ ಬಾಯಿ ತೆರೆಯಲು ಬಿಡದೆ "ಹಾಲಿನ ಕೆಲಸ, ಪುಣ್ಯದ ಕೆಲಸ, ನಿಮ್ಮಮ್ಮ ಇದ್ದಿದ್ದರೆ ಹಿಗ್ಗುತ್ತಿದ್ದಳು" ಅಂದಿರಿ. ಅಮ್ಮ ಇದ್ದಿದ್ದರೆ ಮೊದಲು ಊಟ ಆಯಿತಾ ಅಂತ ಕೇಳುತ್ತಿದ್ದಳು.

ಮಾರನೇ ದಿನ ಹಸಿವಾಯಿತು, ತಿಂದೆ. ಅಷ್ಟೇ ನನ್ನ ಕಥೆ.

ಈಗ ನಿಮ್ಮದು. ಹಸು ಕರು ಹಾಕದೆ ಹಾಲು ಕೊಡುವುದಿಲ್ಲ. ಹಾಕಿದ್ದರಲ್ಲಿ ಅರ್ಧ ಗಂಡು. ನೀವು ದಿನಾ ಬೆಳಿಗ್ಗೆ ಕಾಫಿಗೆ ಬಳಸುವ ಹಾಲಿನ ಗಂಡು ಕರು ಎಲ್ಲಿದೆ ಅಪ್ಪ? ನಿಮ್ಮ ಬೀದಿಯಲ್ಲಿ ಒಂದಾದರೂ ಎತ್ತು ಓಡಾಡುತ್ತಿದೆಯಾ? ನಮ್ಮ ಕಾರ್ಖಾನೆಯವರು ಕಾಗದದ ಮೇಲೆ ಬರೆದಾದರೂ ಕೊಡುತ್ತಾರೆ. ನಿಮ್ಮ ಹಾಲಿನ ಚೊಂಬಿನ ಮೇಲೆ ಏನೂ ಬರೆದಿಲ್ಲ, ಅದಕ್ಕೇ ಅದು ಶುದ್ಧ.

ಕರುವಿನದಲ್ಲದ ಹೆಪ್ಪೂ ಇದೆ, ಬೂಷ್ಟಿನಿಂದ ತೆಗೆದದ್ದು. ಅದರಲ್ಲಿ ಮಾಡಿದ ಗಡ್ಡೆ ಕಳಿಸಬಲ್ಲೆ. ಆದರೆ ನಮ್ಮಲ್ಲಿ ಅದು ಹಳತಾದಂತೆ ಕೊಂಚ ಕಹಿ ತಿರುಗುತ್ತದೆ. ಅತ್ತೆಗೆ ಹೇಳುವುದು ಬಿಡುವುದು ನಿಮಗೆ ಸೇರಿದ್ದು. ಹೇಳಿ ಅನ್ನುವುದು ನನ್ನ ಮಾತು.

ಮತ್ತೆ, ನಿಮ್ಮ ಆ ಬಲೆ. ಅದು ನಿಜವಾಗಿಯೂ ಇದೆ. ಹಾಲಿನೊಳಗೆ ಕಣ್ಣಿಗೆ ಕಾಣದ ಹಾಗೆ ಹೆಣೆದುಕೊಳ್ಳುತ್ತದೆ. ಅರ್ಥ ತಪ್ಪಿದರೂ ಅಷ್ಟು ಸರಿ ಹೇಳಿದಿರಿ. ಅದಕ್ಕೇ ಇನ್ನೂ ಹೆಚ್ಚು ಸಿಟ್ಟು ಬರುತ್ತಿದೆ.

ಬೆಣ್ಣೆ (ಹೆಸರಿಗೆ ಮಾತ್ರ)


ಫೆಬ್ರವರಿ 6

ಬೆಣ್ಣೆ,

ವಿತ್ ರೆಫರೆನ್ಸ್ ಟು ಯುವರ್ ಲೆಟರ್. ನಾಲ್ಕು ಸಲ ಹರಿದು ಐದನೇ ಸಲ ಬರೆಯುತ್ತಿದ್ದೇನೆ, ಆದ್ದರಿಂದ ಇದೇ ಸಭ್ಯವಾದ ಪ್ರತಿ ಎಂದು ತಿಳಿ.

ಅಮ್ಮನನ್ನು ಮಧ್ಯೆ ತರಬೇಡ. ಮೊದಲು ತಂದದ್ದು ನಾನೇ ಅನ್ನುತ್ತೀ. ನಾನು ತಂದರೆ ತಂದೆ, ಅವಳು ನನ್ನ ಹೆಂಡತಿ.

ಹಸುವಿನ ಕಥೆ ನನಗೆ ಹೇಳಬೇಡ. ಹಸು ಕೊಡುತ್ತದೆ. ಕೊಡುವುದಕ್ಕೂ ಕುಯ್ಯುವುದಕ್ಕೂ ವ್ಯತ್ಯಾಸ ತಿಳಿಯದಷ್ಟು ದೊಡ್ಡವಳಾದೆಯಾ? ನಾವು ಬದುಕಿದ್ದೇ ಹಾಲಿನ ಮೇಲೆ. ನಿನಗೆ ಆ ಹೆಸರು ಬಂದದ್ದು ಎಲ್ಲಿಂದ? ಕೂಸಾಗಿದ್ದಾಗ ಬೆರಳಲ್ಲಿ ಬೆಣ್ಣೆ ನೆಕ್ಕಿಸಿದವಳು ನಿನ್ನ ಅತ್ತೆ. ಮಾಂಸ ಬೇಡ, ಮೀನು ಬೇಡ, ಮೊಟ್ಟೆ ಬೇಡ ಅಂದವರಿಗೆ ಮೈಯಲ್ಲಿ ರಕ್ತ ಎಲ್ಲಿಂದ ಬರುತ್ತದೆ? ಹಾಲು, ಮೊಸರು, ಮಜ್ಜಿಗೆ, ತುಪ್ಪ. ಇದು ನಮ್ಮ ಪಾಲಿಗೆ ಊಟ ಅಲ್ಲ, ನೆಲ. ಅದರ ಮೇಲೆ ನಿಂತುಕೊಂಡೇ ಉಳಿದವರನ್ನೆಲ್ಲ ನೋಡಿ ಮೂಗು ಮುರಿದಿದ್ದೇವೆ. ನೀನು ಒಂದು ಪತ್ರದಲ್ಲಿ ಆ ನೆಲ ಅಗೆದು ಹಾಕಿದೆ. ಹಾಕಿ, ಕೊನೆಗೆ ಸಹಿ ಬೇರೆ.

ಆದರೂ, ನಾನು ನ್ಯಾಯಸ್ಥ. ನಿನ್ನ ಮಾತನ್ನು ಸುಳ್ಳು ಮಾಡಿಯೇ ತೀರಬೇಕೆಂದು ಹಾಲಿನಾಕೆಯ ಕೊಟ್ಟಿಗೆಗೆ ಹೋದೆ. ಗ್ಯಾರೇಜಿನ ಹಿಂದೆ, ಹರಿದ ಟಯರುಗಳ ಪಕ್ಕ ಇದೆ. ಅವಳು ಹಿಂಡಿ ಕಲೆಸುತ್ತಿದ್ದಳು.

"ಏನಮ್ಮಾ, ನಿನ್ನ ಹಸುಗಳ ಗಂಡು ಕರು ಎಲ್ಲಿ?"

"ನಮ್ಮ ಹಸು ಗಂಡು ಹಾಕೋದೇ ಇಲ್ಲ ಯಜಮಾನ್ರೇ."

"ಯಾವುದೂ?"

"ಯಾವುದೂ."

"ಎಷ್ಟು ಕಾಲದಿಂದ?"

"ನಮ್ಮತ್ತೆ ಕಾಲದಿಂದ. ಒಳ್ಳೇ ತಳಿ." ಮುಖದಲ್ಲಿ ಒಂದು ಗೆರೆ ಕದಲಲಿಲ್ಲ. ಆಮೇಲೆ ಕೈ ಒರೆಸಿಕೊಂಡು, "ಯಾಕೆ, ಹಾಲು ನೀರಾಗಿದೆಯಾ? ಅದಕ್ಕೆ ಬೈಯಿರಿ, ಕೇಳಿಸಿಕೋತೀನಿ. ಇದನ್ನೆಲ್ಲ ಕೇಳ್ತಾ ಕೂತರೆ ನಾಳೆಯಿಂದ ಕರೀ ಕಾಫಿ ಕುಡೀರಿ" ಅಂದಳು.

ಆ ಮಾತಿನ ಹೊತ್ತಿಗೆ ಕೊಟ್ಟಿಗೆಯ ಹಿಂದಿನಿಂದ ಏನೋ ಕೂಗಿತು. ಅಂಬಾ ಅನ್ನುವ ಸಣ್ಣ ದನಿ. ಇಬ್ಬರೂ ಕೇಳಿಸಿಕೊಂಡೆವು. ಅವಳು ಇನ್ನೊಂದು ಬೊಗಸೆ ಹಿಂಡಿ ಹಾಕಿದಳು, ನಾನು ಮನೆಗೆ ಬಂದೆ. ನನಗೆ ಅವಳ ಮೇಲೆ ಬಂದಷ್ಟು ಸಿಟ್ಟು ನಿನ್ನ ಮೇಲೂ ಬಂದಿರಲಿಲ್ಲ. ಸುಳ್ಳು ಹೇಳುವವಳು ನಂಬುವಂಥ ಸುಳ್ಳು ಹೇಳಬಾರದಾ?

ಸರಿ. ತೀರ್ಮಾನ ಕೇಳು. ಫ್ರಿಜ್ಜಿನಲ್ಲಿದ್ದ ಅರ್ಧ ಗಡ್ಡೆಯನ್ನು ಕಂಪೌಂಡರನಿಗೆ ಕೊಟ್ಟೆ. "ತಗೊಂಡು ಹೋಗು, ನಗಬೇಡ" ಅಂದೆ. ಅವನು ತಗೊಂಡ, ನಕ್ಕ. ನೀನು ಆ ಬೂಷ್ಟಿನ ಹೆಪ್ಪಿನದನ್ನು ಕೂಡಲೇ ಕಳಿಸು. ಮೇಲಿನ ಕಾಗದ ಹಳೆಯದೇ ಸುತ್ತು. ಅಕ್ಕನಿಗೆ ಏನೂ ಹೇಳುವುದಿಲ್ಲ. ಹೇಳಿದರೆ ತಿನ್ನುವುದು ಬಿಡುತ್ತಾಳೆ, ಬಿಟ್ಟರೆ ಹೋಗುತ್ತಾಳೆ. ತಿಂದದ್ದು ಹೊಟ್ಟೆಯಿಂದ ವಾಪಸ್ ಬರುವುದಿಲ್ಲ. ಇದು ನನಗೂ ನಿನಗೂ ನಡುವೆ. ಮೂರನೆಯವರಿಗೆ ಬೇಡ.

ಬೂಟು ಹಾಕಿಕೊಂಡು ಒದ್ದೆ ನೆಲದ ಮೇಲೆ ನಿಲ್ಲುವವಳು. ಕಾಲು ಒಣಗಿಸಿಕೋ.

ಅಪ್ಪ


ಮಾರ್ಚ್ 12

ನನ್ನ ಸೋದರಸೊಸೆ ಬೆಣ್ಣೆಗೆ ಅತ್ತೆ ಬರೆಸುವುದು. ಬರೆಯುತ್ತಿರುವವನು ನಿನ್ನ ಅಪ್ಪ. ಒಂದಕ್ಷರ ಬಿಡದೆ ಬರೆಯಬೇಕೆಂದು ಹೇಳಿದ್ದೇನೆ, ಬರೆದ ಮೇಲೆ ಓದಿ ನೋಡುತ್ತೇನೆ, ಕನ್ನಡ ನನಗೂ ಬರುತ್ತದೆ.

ಬೆಣ್ಣೆ, ನಿನ್ನಪ್ಪನಿಗೆ ಏನೋ ಆಗಿದೆ. ನೀನು ಕಳಿಸೋ ಚೀಸನ್ನ ಅವನು ಬೇರೆ ಯಾರಿಗೋ ಕೊಟ್ಟು ನನಗೆ ಇನ್ಯಾವುದೋ ಅಗ್ಗದ್ದು ತಂದು ಹಾಕ್ತಿದಾನೆ. ಕಾಗದ ಅದೇ, ಒಳಗಿರೋದು ಅದಲ್ಲ. ಕಹಿ. ನಾಲಿಗೆ ಮೇಲೆ ಬೇವಿನ ಕಡ್ಡಿ ಇಟ್ಟ ಹಾಗೆ. ಕೇಳಿದರೆ "ಅಕ್ಕಾ, ಜ್ವರದ ಬಾಯಿ" ಅಂತಾನೆ. ಜ್ವರ ಹೋಗಿ ಎಷ್ಟು ಕಾಲವಾಯಿತು? ಬಾಯಿ ಬಿಟ್ಟು ಹೋಯಿತಾ ಜ್ವರ?

(ಈ ಸಾಲು ಬರೆಯುವುದಿಲ್ಲ ಅಂದೆ. ಬರೆಯಲೇಬೇಕೆಂದು ಕೂತಿದ್ದಾಳೆ.) ಅವನು ಕದ್ದು ತಿಂತಾನೆ ಅಂತ ನನ್ನ ಅನುಮಾನ. ಚಿಕ್ಕಂದಿನಿಂದ ಅವನದು ಅದೇ ಬುದ್ಧಿ. ಅಮ್ಮ ಕೆನೆ ಎತ್ತಿಟ್ಟರೆ ಇವನ ಮೀಸೆ ಬರೋ ಜಾಗ ಬೆಳ್ಳಗಾಗಿರೋದು. (ಸುಳ್ಳು.) ಸುಳ್ಳು ಅಂತ ಬರೀತಿದಾನೆ, ನನಗೆ ಕಾಣುತ್ತೆ.

ನಾನು ಅದನ್ನ ಬಿಟ್ಟಿದ್ದೀನಿ. ಅನ್ನ ಸೇರಲ್ಲ. ಬೇಳೆ ಕಟ್ಟು ಕುಡೀತೀನಿ. ಮೊನ್ನೆ ಗೋಡೆ ಹಿಡಕೊಂಡು ಹೋದವಳು ಅರ್ಧಕ್ಕೇ ಕೂತೆ. ಅವನು ಎತ್ತಿ ತಂದು ಮಲಗಿಸಿದ. ಬೇಲಿ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳೋದು ಅಂತ ನಿನಗೆ ಹೇಳ್ತಿದ್ದೀನಿ. ಮುಂದಿನ ಗಡ್ಡೆ ನನ್ನ ಹೆಸರಿಗೆ ಕಳಿಸು. ನಿನ್ನಪ್ಪನ ಹೆಸರಿಗೆ ಬೇಡ.

ನಿನ್ನ ಕೆಲಸ ಹೇಗಿದೆ? ಅಲ್ಲಿ ಊಟ ಏನು ಮಾಡ್ತೀಯಾ? ಮೈಕೈ ನೋಡಿಕೋ.

ಇತಿ, ನಿನ್ನ ಅತ್ತೆ (ಕೈಬರಹ ಅಪ್ಪನದು)

ಬೆಣ್ಣೆ, ಈ ಕೆಳಗಿನದನ್ನು ಅವಳು ಓದಿ ಮುಗಿಸಿ ಮಲಗಿದ ಮೇಲೆ ಬರೆದಿದ್ದೇನೆ. ಅವಳ ಮಣಿಕಟ್ಟು ನನ್ನ ಎರಡು ಬೆರಳಿನಷ್ಟಾಗಿದೆ. ಹಳೆಯದನ್ನೇ ಕಳಿಸು. ಕರುವಿನದನ್ನು. ನಾನು ಬಾಯಿ ಮುಚ್ಚಿಕೊಂಡಿರುತ್ತೇನೆ, ನೀನೂ ಮುಚ್ಚಿಕೋ. ಪಾಪ ಬಂದರೆ ನನಗೆ ಬರಲಿ. ಆರ್ಗ್ಯುಮೆಂಟ್ ಬೇಡ.


ಮಾರ್ಚ್ 25

ಅಪ್ಪ,

ಹಳೆಯದನ್ನೇ ಕಳಿಸಿದ್ದೇನೆ, ಅತ್ತೆಯ ಹೆಸರಿಗೆ. ಬಾಯಿ ಮುಚ್ಚಿಕೊಳ್ಳುವುದು ಮಾತ್ರ ಆಗುವುದಿಲ್ಲ. ಆರ್ಗ್ಯುಮೆಂಟ್ ಇದೆ.

ಅತ್ತೆ ನಿಮ್ಮನ್ನು ಕಳ್ಳ ಅಂದಳು. ಅದನ್ನು ನೀವು ಕೈಯಾರೆ ಬರೆದು, ಲಕೋಟೆ ಅಂಟಿಸಿ ಅಂಚೆ ಡಬ್ಬಿಗೆ ಹಾಕಿದಿರಿ. ಓದಿ ನಗು ಬಂತು, ಆಮೇಲೆ ಬರಲಿಲ್ಲ. ಆ ಮನೆಯಲ್ಲಿ ನನ್ನ ಕೆಲಸ ಹೇಗಿದೆ ಅಂತ ಮೊದಲ ಸಲ ಕೇಳಿದವಳು ಅವಳು. ಅವಳಿಗೆ ನಾನು ಮೋಸ ಮಾಡಲಾರೆ. ನೀವು ಯಾವುದಕ್ಕೆ ಹೆದರುತ್ತಿದ್ದೀರೋ ಅದರ ಹೆದರಿಕೆ ನನಗೂ ಇದೆ. ಆದರೂ ಆಗುವುದಿಲ್ಲ.

ಕಾರ್ಖಾನೆಯ ಕಾಗದ ತೆಗೆದು ಬಿಳೀ ಕಾಗದ ಸುತ್ತಿದ್ದೇನೆ. ಅದರ ಮೇಲೆ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ, ಏನೇನು ಹಾಕಿ ಮಾಡಿದ್ದು ಅಂತ ಬರೆದಿದ್ದೇನೆ. ಹಾಲು. ಉಪ್ಪು. ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು. ನೀವು ಓದಿ ಹೇಳಬೇಕಾದ ಅಗತ್ಯ ಇನ್ನಿಲ್ಲ.

ಕಾಗದ ಕಿತ್ತು ಹಾಕಿ ಕೊಡಬೇಕೆಂದರೆ ಕೊಡಿ. ಅದನ್ನು ತಡೆಯಲು ನಾನು ಅಲ್ಲಿಲ್ಲ. ಆದರೆ ಇನ್ನು ಮೇಲೆ ಪದ ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ.

ಬೆಣ್ಣೆ


ಏಪ್ರಿಲ್ 4

ಬೆಣ್ಣೆ,

ಪಾರ್ಸಲ್ ಬಂತು. ಕೊರಿಯರಿನವನು ಅಕ್ಕನ ಹೆಸರು ಹಿಡಿದು ಕೂಗಿದ, ನಾನು ಸಹಿ ಹಾಕಿ ನೇರ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಮೇಲಿನ ಡಬ್ಬಿ ಬಿಚ್ಚಿದೆ. ನಿನ್ನ ಅಕ್ಷರ. ಒಂದೊಂದೂ ಹೆಬ್ಬೆರಳಿನಷ್ಟು ದಪ್ಪ. ಅಂಗಡಿಯ ಬೋರ್ಡು ಬರೆಯುವವರೂ ಹೀಗೆ ಬರೆಯುವುದಿಲ್ಲ. ಅದು ಅತ್ತೆಗಾಗಿ ಬರೆದದ್ದಲ್ಲ, ನನ್ನ ಕಣ್ಣಿಗೆ ಚುಚ್ಚಲೆಂದೇ ಬರೆದದ್ದು ಅಂತ ನನಗೆ ತಿಳಿಯದೇ?

ಕತ್ತರಿ ಕೈಯಲ್ಲಿತ್ತು. ಕಾಗದ ಬಿಡಿಸಿ ಒಲೆಗೆ ಹಿಡಿಯುವುದು ಎಷ್ಟರ ಕೆಲಸ. ಅಷ್ಟರಲ್ಲಿ ನಡುಮನೆಯಿಂದ ಅಕ್ಕ ಕರೆದಳು, "ಬಂತೇನೋ?" ಅಂತ. ಮೊದಲಾದರೆ ಆ ದನಿಗೆ ಪಾತ್ರೆ ಅದುರುತ್ತಿತ್ತು. ಈಗ ಫ್ರಿಜ್ಜಿನ ಗುರ್ ಅನ್ನುವ ಸದ್ದೇ ಅದಕ್ಕಿಂತ ದೊಡ್ಡದು. ಆ ದನಿಗೆ ಇನ್ನೊಂದು ಸುಳ್ಳು ಹೊರಿಸುವುದು ನನ್ನಿಂದಾಗಲಿಲ್ಲ. ಇದನ್ನು ನಿನ್ನ ಗೆಲುವು ಅಂದುಕೊಳ್ಳಬೇಡ. ತಂದು ಅವಳ ಮಡಿಲಲ್ಲಿ ಇಟ್ಟು ಕಿಟಕಿಯ ಕಡೆ ತಿರುಗಿ ನಿಂತೆ.

ಅವಳು ಗಟ್ಟಿಯಾಗಿ ಓದಿದಳು, ಶಾಲೆಯ ಮಕ್ಕಳ ಹಾಗೆ. ಹಾ-ಲು. ಉ-ಪ್ಪು. ಕ-ರು-ವಿ-ನ. ಅಲ್ಲಿ ನಿಂತಳು. ಮಿಕ್ಕದ್ದನ್ನು ಮನಸ್ಸಿನಲ್ಲಿ ಓದಿಕೊಂಡಳು.

"ನೀನು ಬಲೆ ಹೆಪ್ಪು ಅಂದಿದ್ದೆ."

"ತಪ್ಪಾಯಿತು."

"ಯಾವಾಗ ಗೊತ್ತಾಯಿತು?"

"ಕಂಪೌಂಡರ್ ಬಂದಿದ್ದನಲ್ಲ, ನೀನು ಮಿಕ್ಸಿ ಹಾಕಿದ್ದೆ."

"ಅದಾದ ಮೇಲೇ ಕಹಿ ಬಂತು."

"ಹೂಂ. ಬೆಣ್ಣೆಗೆ ಬರೆದು ಬೂಷ್ಟಿನ ಹೆಪ್ಪಿನದು ತರಿಸಿದ್ದೆ, ನೀನು ಬಿಟ್ಟ ಮೇಲೆ ಹಳೇದನ್ನೇ ಕಳಿಸು ಅಂತ ಬರೆದೆ."

"ನಾನು ನಿನ್ನ ಕಳ್ಳ ಅಂದೆ. ಆಗಲೂ ಸುಮ್ಮನೆ ಬರಕೊಂಡೆ."

"ಹೇಳಿದರೆ ನೀನು ತಿನ್ನೋದು ಬಿಡ್ತಿದ್ದೆ ಅಕ್ಕಾ. ನೀನು ಉಳೀಬೇಕಿತ್ತು."

ನಾನು ಅಳುತ್ತಾಳೆ ಅಂದುಕೊಂಡೆ. ವಾಂತಿ ಮಾಡಿಕೊಳ್ಳುತ್ತಾಳೆ, ತಲೆ ಚಚ್ಚಿಕೊಳ್ಳುತ್ತಾಳೆ ಅಂದುಕೊಂಡೆ. ಚೊಂಬಿನಲ್ಲಿ ನೀರು ಕೂಡ ಸಿದ್ಧ ಮಾಡಿಟ್ಟಿದ್ದೆ. ಅದೇನೂ ಆಗಲಿಲ್ಲ. ಮಂಚದ ಅಂಚು ಹಿಡಿದು ಎದ್ದು ಕೂತಳು. ನನಗೆ ನೆನಪಿರುವ ಕಾಲದಿಂದ ಅವಳು ಬೈಯುತ್ತಲೇ ಇದ್ದಾಳೆ. ಆದರೆ ಅವಳಿಗೆ ಸಿಟ್ಟು ಬಂದದ್ದನ್ನು ನೋಡಿದ್ದು ಇವತ್ತೇ. ಬೈಗುಳವೇ ಇರಲಿಲ್ಲ ಅದರಲ್ಲಿ.

"ಈ ಬಾಯಿ ಯಾರದು?" ಅಂದಳು.

ನಾನು ನೀರಿನ ಚೊಂಬನ್ನು ಪಕ್ಕಕ್ಕೆ ಸರಿಸಿದೆ.

"ಇದಕ್ಕೆ ಏನು ಹಾಕಬೇಕು ಅಂತ ನೀವಿಬ್ಬರೂ ಪತ್ರ ಬರಕೊಂಡ್ರಿ. ಕರುವಿನದು ಬೇಡ, ಬೂಷ್ಟಿನದು ಹಾಕು. ಬೂಷ್ಟಿನದು ಉಗೀತಾಳೆ, ಕರುವಿನದೇ ಹಾಕು. ನಾನೇನು ತೊಟ್ಟಿಯಾ? ಅವಳು ಈಗ ದಪ್ಪ ಅಕ್ಷರದಲ್ಲಿ ಬರೆದು ಕಳಿಸಿ ದೊಡ್ಡವಳಾದಳು. ಇಷ್ಟು ದಿನ ಅವಳ ಕೈಗೆ ಏನಾಗಿತ್ತು? ಇದನ್ನೂ ಬರಿ ಅವಳಿಗೆ."

ಬರೆದಿದ್ದೇನೆ.

ಹಾಲಿನಾಕೆಯ ಕೊಟ್ಟಿಗೆಯದನ್ನೂ ಹೇಳಿಬಿಟ್ಟೆ. ಒಂದು ಹೇಳಿದ ಮೇಲೆ ಇನ್ನೊಂದು ಯಾಕೆ ಉಳಿಯಬೇಕು? ಹಿಂದಿನಿಂದ ಕೂಗಿದ ಆ ಸಣ್ಣ ದನಿಯನ್ನೂ ಹೇಳಿದೆ. "ಅದು ನನಗೂ ಕೇಳಿಸಿತ್ತು ಕಣೋ, ಹಾಲು ತರೋಕೆ ಹೋಗ್ತಿದ್ದಾಗ, ಎಷ್ಟೋ ಸಲ. ಹಸಿದಿದೆ ಅಂತ ಅಂದುಕೋತಿದ್ದೆ. ಯಾಕೆ ಹಸಿದಿದೆ ಅಂತ ಅಂದುಕೊಳ್ಳಲಿಲ್ಲ" ಅಂದಳು. ಹಾಗಾದರೆ ಹಾಲೂ ಬೇಡವಾ ಅಂತ ಕೇಳಿದೆ. "ಅದನ್ನ ಆಮೇಲೆ ಯೋಚಿಸ್ತೀನಿ. ಎಲ್ಲಾನೂ ಒಂದೇ ದಿನ ಬಿಡೋಕೆ ನಾನೇನು ಸತ್ತಿದ್ದೀನಾ?"

ಆಮೇಲೆ ಚಾಕು ಕೇಳಿದಳು.

ಬೆಣ್ಣೆ, ಗಡ್ಡೆಯನ್ನು ಕುಯ್ದು ಹೊರಗೆ ಎಸೆಯುತ್ತಾಳೆ ಅಂದುಕೊಂಡು ಕೊಟ್ಟೆ. ಅವಳು ನಿನ್ನ ಬಿಳೀ ಕಾಗದವನ್ನು ಬಿಡಿಸಿ, ಬರೆದ ಭಾಗ ಮೇಲೆ ಬರುವ ಹಾಗೆ ತಟ್ಟೆಯ ಕೆಳಗೆ ಹಾಸಿ, ಒಂದು ತುಂಡು ಕುಯ್ದಳು. ಯಾವಾಗಲೂ ಕುಯ್ಯುವ ಅಳತೆಯದೇ. ನಾನು ಅಭ್ಯಾಸಬಲದಿಂದ ದೇವರ ಪಟದ ಕಡೆ ನೋಡಿದೆ. "ಅವನಿಗೆ ಬೇಡ. ಅವನನ್ನ ಇದರೊಳಗೆ ಎಳೀಬೇಡ" ಅಂದವಳೇ ಬಾಯಿಗೆ ಹಾಕಿಕೊಂಡಳು.

ನನ್ನ ಕಣ್ಣೆದುರಿಗೆ. ಗೊತ್ತಿದ್ದೂ. ನಾನು "ಅಕ್ಕಾ" ಅಂತ ಕೈ ಹಿಡಿಯಲು ಹೋದರೆ ಆ ಮಣಿಕಟ್ಟಿನಿಂದ ನನ್ನನ್ನು ತಳ್ಳಿದಳು, ಎಲ್ಲಿತ್ತೋ ಶಕ್ತಿ. ನಿಧಾನಕ್ಕೆ ತಿಂದಳು. ಹಲ್ಲಿಲ್ಲದ ಬಾಯಲ್ಲಿ ಆಡಿಸಿ ಆಡಿಸಿ, ಪೂರ್ತಿ ಕರಗುವವರೆಗೆ. ನುಂಗಿ, ನೀರು ಕುಡಿದು, ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು.

"ಇಷ್ಟು ವರ್ಷ ತಿಂದದ್ದು ನಿಮ್ಮಿಬ್ಬರ ಲೆಕ್ಕಕ್ಕೆ. ಈ ಒಂದು ತುಂಡು ನನ್ನದು. ಚೆನ್ನಾಗಿದೆ. ಇನ್ನು ಸಾಕು. ಬಿಡೋದಾದರೆ ನಾನು ಬಿಡಬೇಕು, ನೀವು ಬಿಡಿಸೋದಲ್ಲ."

"ಏನು ತಿಂತೀಯಾ ಮತ್ತೆ?"

"ಕಡಲೆಬೀಜ ನುಣ್ಣಗೆ ಅರೆದು ಕೊಡು, ಬೆಲ್ಲ ಹಾಕಿ. ಸೇರಲ್ಲ. ತಿಂತೀನಿ. ನಿಮ್ಮಿಬ್ಬರನ್ನ ಬೈಯೋಕಾದರೂ ಬದುಕಬೇಕಲ್ಲ."

ಮಧ್ಯಾಹ್ನ ಅರೆದು ಕೊಟ್ಟೆ. ಮುಖ ಸಿಂಡರಿಸಿಕೊಂಡು, ನನ್ನನ್ನು ದುರುಗುಟ್ಟಿ ನೋಡುತ್ತಾ, ಬಟ್ಟಲು ಖಾಲಿ ಮಾಡಿದಳು. ಇಷ್ಟು ದಿನದಲ್ಲಿ ಮೊದಲ ಸಲ ಖಾಲಿ ಬಟ್ಟಲು ತೊಳೆದೆ. ಹಾಗಂತ ನಿನ್ನ ಮೇಲಿನ ಸಿಟ್ಟು ಇಳಿದಿದೆ ಅಂತಲ್ಲ. ಟು ಬಿ ವೆರಿ ಫ್ರಾಂಕ್, ಹೆಚ್ಚಾಗಿದೆ. ಸರಿಯಾಗಿ ಮಾಡಿದವರ ಮೇಲೆ ಸಿಟ್ಟು ಬಂದರೆ ಅದನ್ನು ಎಲ್ಲಿ ಇಡಬೇಕು ಅಂತ ಯಾರೂ ಹೇಳಿಕೊಟ್ಟಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಈ ಪತ್ರವೂ ಮುಗಿಯುತ್ತಿತ್ತು. ಆದರೆ ಅವಳು ಇನ್ನೊಂದು ತುಂಡು ಕುಯ್ದು ತಟ್ಟೆಯಲ್ಲಿಟ್ಟು ನನ್ನ ಮುಂದೆ ತಳ್ಳಿದ್ದಾಳೆ. "ನೀನು ಓದಿದವನು. ಗೊತ್ತಿದ್ದು ತಿನ್ನು, ಇಲ್ಲಾ ಗೊತ್ತಿದ್ದು ಬಿಡು. ನನ್ನ ಹಿಂದೆ ನಿಂತುಕೊಂಡು ಅಲ್ಲ" ಅಂದಳು. ಅದು ಈಗಲೂ ಈ ಪತ್ರದ ಪಕ್ಕದಲ್ಲಿದೆ. ಬಿಸಿಲು ಬಿದ್ದು ಎಣ್ಣೆ ಬೆವರುತ್ತಿದೆ. ವಾಸನೆ ನನಗೆ ಇಷ್ಟ, ಯಾವಾಗಲೂ ಇಷ್ಟವಿತ್ತು. ತೆಗೆದು ಎಸೆಯಲು ಕೈ ಏಳುತ್ತಿಲ್ಲ, ಬಾಯಿಯ ತನಕವೂ ಏಳುತ್ತಿಲ್ಲ. ನಿನ್ನ ಅತ್ತೆ ಗೋಡೆಗೆ ಮುಖ ಮಾಡಿ ನಿದ್ದೆ ಬಂದವಳ ಹಾಗೆ ಮಲಗಿದ್ದಾಳೆ. ಬಂದಿಲ್ಲ. ಈಗಷ್ಟೇ ತಿರುಗದೆಯೇ ಅಂದಳು:

"ಪೆನ್ನು ಕೆಳಗಿಡೋ. ಅವಳಿಗೆ ಆಮೇಲೆ ಬರೆಯುವೆಯಂತೆ. ಮೊದಲು ನನಗೆ ಹೇಳು, ತಿಂದೆಯಾ, ಬಿಟ್ಟೆಯಾ?"

ಅಪ್ಪ